ಸಕಾಲ: ಮಧುಗಿರಿ ಉಪವಿಭಾಗದಿಂದ ಒಂದು ಟಿಪ್ಪಣಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗದ ತಾಲ್ಲೂಕುಗಳು. ಇಲ್ಲಿ ಸರ್ಕಾರದ ಮೇಲಿನ ಭರವಸೆ ಅಳೆಯುವ ಜಾಗ ವಿಧಾನಸೌಧವಲ್ಲ, ನಾಡಕಚೇರಿ.

ಅಲ್ಲಿ ಸೇವೆಗಳು ಗಡುವಿನೊಳಗೆ ಸಿಗಬೇಕೆನ್ನುವ ಸೇವೆ ಖಾತರಿ ಕಾನೂನನ್ನು ಮೊದಲು ತಂದದ್ದು ಮಧ್ಯಪ್ರದೇಶ (2010). ಕರ್ನಾಟಕದ ಕಾಯ್ದೆ 2011ರದು; ಅದರಡಿಯ ‘ಸಕಾಲ’ ಯೋಜನೆ ರಾಜ್ಯಾದ್ಯಂತ ಜಾರಿಯಾದದ್ದು 2012ರ ಏಪ್ರಿಲ್ 2ರಂದು. ಅರ್ಜಿ ಕೊಟ್ಟೊಡನೆ ಸ್ವೀಕೃತಿ ಸಂಖ್ಯೆ ಸಿಗಬೇಕು. ಜಾತಿ ಪ್ರಮಾಣಪತ್ರಕ್ಕೆ ನಿಗದಿಯಾದ ಗಡುವು 21 ದಿನ. ತಹಶೀಲ್ದಾರ್ ಹಂತದಲ್ಲಿ ತಡವಾದರೆ ಮೊದಲ ಮೇಲ್ಮನವಿ ಉಪವಿಭಾಗಾಧಿಕಾರಿಗೆ, ಅಂದರೆ ಪಾವಗಡದವರೂ ಮಧುಗಿರಿಯತ್ತಲೇ ನೋಡಬೇಕು.

ತಡವಾದರೆ ಅರ್ಜಿದಾರರಿಗೆ ಸಿಗುವ ಪರಿಹಾರ ವೆಚ್ಚ ದಿನಕ್ಕೆ 20 ರೂ., ಗರಿಷ್ಠ 500 ರೂ. ಮೊತ್ತ ಚಿಕ್ಕದು, ನಿಜ. ಆದರೆ ವಿಳಂಬಕ್ಕೆ ಕಾರಣನಾದ ಅಧಿಕಾರಿಯೇ ಅದನ್ನು ಹೊರಬೇಕೆಂಬುದೇ ಈ ಸುಧಾರಣೆಯ ತಿರುಳು. ಸ್ವೀಕೃತಿ ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.