ಕೊಚ್ಚಿಯಲ್ಲಿ ನಾಲ್ಕು ಗಂಟೆ: ಹಡಗಿನಿಂದ ಇಳಿದು ನಡೆಯುವವರಿಗೆ ಒಂದು ಪಾಠ

ಸೋದರಮಾವನ ಮನೆಯವರ ಜೊತೆ ಮುಂಬಯಿಯಿಂದ ಕ್ರೂಸ್ ಹಡಗಿನಲ್ಲಿ ಹೋದಾಗ ನನ್ನ ಮೊಬೈಲಿನಲ್ಲಿ ಕೊಚ್ಚಿಯ ಹನ್ನೊಂದು ಜಾಗಗಳ ಲಿಸ್ಟ್ ಇತ್ತು. ಹಡಗು ನಿಲ್ಲೋದು ಎಂಟು ಗಂಟೆ, ಜಾಗ ಹನ್ನೊಂದು, ಆರಾಮಾಗಿ ಆಗುತ್ತೆ ಅಂತ ನನ್ನ ಲೆಕ್ಕ. ಆಗಿದ್ದು ಏನು ಗೊತ್ತಾ? ಆಟೋದಲ್ಲಿ ಕೂತು ಓಡಾಡಿದ್ದೇ ಬಂತು. ಅವತ್ತು ಶುಕ್ರವಾರ, ಮಟ್ಟಾಂಚೇರಿ ಅರಮನೆಗೆ ಬೀಗ. ವಾಪಸ್ ಬಂದಾಗ ಕೈಲಿ ನೂರಾರು ಫೋಟೋ, ತಲೇಲಿ ಏನೂ ಇಲ್ಲ. "ಏನೋ, ಕೊಚ್ಚಿ ಹೇಗಿತ್ತು?" ಅಂತ ಮಾವ ಕೇಳಿದರೆ "ಸೆಕೆ ಇತ್ತು ಮಾವ" ಅನ್ನೋದು ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ಎರಡನೇ ಸಲ ಹೋಗುವ ಮುಂಚೆ ಸ್ವಲ್ಪ ಓದಿಕೊಂಡೆ. ಹನ್ನೊಂದು ಜಾಗ ಬಿಟ್ಟು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ನಡೆದೆ. ಆ ಪ್ರಶ್ನೆ ಇದು: ಇಲ್ಲಿ ನೀರು ಎಷ್ಟು ಆಳ, ಆ ಆಳ ಎಲ್ಲಿಂದ ಬಂತು? ಈ ಲೇಖನ ಆ ನಡಿಗೆಯ ಪಾಠ.

ಮೊದಲು ಲೆಕ್ಕ

ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 4ಕ್ಕೆ ಎಲ್ಲರೂ ಒಳಗಿರಬೇಕು ಅಂದರೆ ನಮ್ಮ ಕೈಲಿ ಎಂಟು ಗಂಟೆ ಇದೆ ಅಂತ ಅರ್ಥ ಅಲ್ಲ. ಇಳಿಯುವ ಸಾಲಿಗೆ ಒಂದು ಗಂಟೆ ಕಳೆಯಿರಿ. ಹೋಗಿ ಬರುವ ರಸ್ತೆಗೆ ಒಂದು ಗಂಟೆ, ಊಟಕ್ಕೆ ಅರ್ಧ ಗಂಟೆ. ಕೊನೆಗೆ ಒಂದೂವರೆ ಗಂಟೆಯನ್ನು ಯಾವುದಕ್ಕೂ ಕೊಡದೆ ಹಾಗೇ ಇಡಿ. ಪ್ರಾಜೆಕ್ಟ್ ಪ್ಲ್ಯಾನಿಂಗ್ ಕ್ಲಾಸಲ್ಲಿ ಸ್ಲ್ಯಾಕ್ ಅಂತೀವಲ್ಲ, ಅದೇ ಇದು. ಹಡಗು ನಮಗಾಗಿ ಕಾಯೋದಿಲ್ಲ, ಯಾಕಂದ್ರೆ ಅದನ್ನು ಹೊರಗೆ ಕರೆದೊಯ್ಯುವ ಪೈಲಟ್ ಮತ್ತು ಟಗ್ ದೋಣಿಗಳ ಸಮಯ ಮೊದಲೇ ಗೊತ್ತಾಗಿರುತ್ತೆ. ಉಳಿದದ್ದು ನಾಲ್ಕು ಗಂಟೆ.

ಇನ್ನೊಂದು ಮಾತು: ವಾರ ನೋಡಿ. ಶುಕ್ರವಾರ ಅರಮನೆ ಮುಚ್ಚಿರುತ್ತೆ, ಶನಿವಾರ ಯಹೂದಿಗಳ ಸಿನಗಾಗ್ ಪ್ರವಾಸಿಗರಿಗೆ ತೆರೆಯೋದಿಲ್ಲ.

ಕಾಲಿಟ್ಟ ನೆಲವೇ ಮೊದಲ ಪಾಠ

ಕ್ರೂಸ್ ಹಡಗು ನಿಲ್ಲೋದು ವಿಲಿಂಗ್ಡನ್ ದ್ವೀಪದಲ್ಲಿ. ಇಳಿದ ತಕ್ಷಣ ಎಲ್ಲರೂ "ಹಳೇ ಊರು ಎಲ್ಲಿ?" ಅಂತ ಟ್ಯಾಕ್ಸಿ ಹತ್ತುತ್ತಾರೆ. ಒಂದು ನಿಮಿಷ ನಿಲ್ಲಿ. ನೀವು ನಿಂತಿರುವ ನೆಲ ನೂರು ವರ್ಷದ ಹಿಂದೆ ಹಿನ್ನೀರಿನ ತಳದ ಕೆಸರಾಗಿತ್ತು.

ಕೊಚ್ಚಿಯ ಅಳಿವೆ ಬಾಗಿಲಿಗೆ ಅಡ್ಡಲಾಗಿ ಒಂದು ಮರಳ ದಿಬ್ಬ ಇತ್ತು. ಹಿನ್ನೀರಿನಿಂದ ಹರಿದು ಬರುವ ನೀರು ಸಮುದ್ರಕ್ಕೆ ಸೇರುವಾಗ ವೇಗ ಕಳೆದುಕೊಂಡು ಹೊತ್ತು ತಂದ ಹೂಳನ್ನು ಕೆಳಗೆ ಬಿಡುತ್ತೆ, ಅಲೆಗಳು ಅದನ್ನು ಒತ್ತಿ ದಿಬ್ಬ ಮಾಡುತ್ತವೆ. ಹಾಗಾಗಿ ದೊಡ್ಡ ಹಡಗುಗಳು ಹೊರ ಸಮುದ್ರದಲ್ಲೇ ಲಂಗರು ಹಾಕಿ, ಸಾಮಾನನ್ನು ಸಣ್ಣ ದೋಣಿಗಳಿಗೆ ಇಳಿಸಬೇಕಿತ್ತು. 1920ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬ ಕಡಿದು ಕಾಲುವೆ ಮಾಡಿಸಿದರು. 1928ರ ಮೇ ತಿಂಗಳಲ್ಲಿ 'ಪದ್ಮಾ' ಎಂಬ ಹಡಗು ಒಳ ಬಂದರಿಗೆ ಬಂತು. ಹಿನ್ನೀರಿನ ತಳದಿಂದ ಎತ್ತಿದ ಮಣ್ಣನ್ನು ಗುಡ್ಡೆ ಹಾಕಿ ಮಾಡಿದ್ದೇ ಈ ದ್ವೀಪ.

ನಮ್ಮ ಕರಾವಳಿಯವರಿಗೆ ಈ ಕಥೆ ಹೊಸದಲ್ಲ. ಮಂಗಳೂರಿನ ಹಳೇ ಬಂದರಿಗೂ ನೇತ್ರಾವತಿ–ಗುರುಪುರ ಅಳಿವೆಯ ಹೂಳಿನದ್ದೇ ಕಾಟ. ಅಲ್ಲಿ ಬೇರೆ ಉತ್ತರ ಹುಡುಕಿದರು: ಅಳಿವೆ ಬಿಟ್ಟು ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹೊಸ ಬಂದರು ಮಾಡಿದರು. ಸಮಸ್ಯೆ ಒಂದೇ, ಪರಿಹಾರ ಎರಡು. ಪರೀಕ್ಷೆಗೆ ಬರೋ ಪ್ರಶ್ನೆ ಥರ ಇದೆ ಅಲ್ವಾ?

ಚೀನೀ ಬಲೆಗಳ ಹತ್ತಿರ: ಅರ್ಧ ಗಂಟೆ

ಇಲ್ಲಿಂದ ಆಟೋ ಹಿಡಿದು ಫೋರ್ಟ್ ಕೊಚ್ಚಿಯ ಬಲೆಗಳ ಹತ್ತಿರ ಇಳಿಯಿರಿ. ಇನ್ನು ಮುಂದೆ ಎಲ್ಲಾ ನಡಿಗೆ. ಮಲಯಾಳದಲ್ಲಿ ಇವನ್ನು 'ಚೀನವಲ' ಅಂತಾರೆ. ಚೀನಾದವರೇ ತಂದರು ಅಂತ ಒಂದು ಮಾತು, ಮಕಾವಿನಿಂದ ಪೋರ್ಚುಗೀಸರು ತಂದರು ಅಂತ ಇನ್ನೊಂದು.

ಫೋಟೋ ತೆಗೆದು ಓಡಬೇಡಿ, ಒಂದು ಸಲ ಬಲೆ ಮುಳುಗಿ ಏಳೋದನ್ನು ಪೂರ್ತಿ ನೋಡಿ. ಮರದ ಉದ್ದ ತೋಳಿನ ಒಂದು ತುದಿಗೆ ಬಲೆ, ಇನ್ನೊಂದು ಕಡೆ ಹಗ್ಗಗಳಲ್ಲಿ ಕಟ್ಟಿದ ಕಲ್ಲುಗಳು. ತೂಕ ಎಷ್ಟು ಸಮ ಅಂದರೆ, ಒಬ್ಬ ಆಳು ತೊಲೆಯ ಮೇಲೆ ಬಲೆಯ ಕಡೆಗೆ ನಡೆದರೆ ಸಾಕು, ಬಲೆ ನೀರಿಗಿಳಿಯುತ್ತೆ. ಈಗ ಕಲ್ಲುಗಳನ್ನು ನೋಡಿ: ಹಗ್ಗಗಳ ಉದ್ದ ಬೇರೆ ಬೇರೆ. ಬಲೆ ಮೇಲೇಳುತ್ತಿದ್ದಂತೆ ಕಲ್ಲುಗಳು ಒಂದಾದ ಮೇಲೆ ಒಂದು ಕಟ್ಟೆಯ ಮೇಲೆ ಕೂರುತ್ತವೆ, ಎಳೆಯುವ ಭಾರ ಹಂತಹಂತವಾಗಿ ಕಮ್ಮಿಯಾಗುತ್ತೆ. ಬಲೆಯ ತೋಳು ಮೇಲೇರಿದಂತೆ ಅದರ ಅಡ್ಡ ದೂರ ಕಮ್ಮಿ, ಮೊಮೆಂಟೂ ಕಮ್ಮಿ. ಅದಕ್ಕೆ ತಕ್ಕಂತೆ ಎದುರು ಭಾರವೂ ತಾನಾಗೇ ಇಳಿಯಬೇಕು. ನಾವು ಮೆಕ್ಯಾನಿಕ್ಸ್ ಲ್ಯಾಬಲ್ಲಿ ತೂಕದ ಬಟ್ಟು ತೆಗೆದು ಹಾಕಿ ಮಾಡೋದನ್ನು ಇಲ್ಲಿ ಹಗ್ಗದ ಉದ್ದವೇ ಮಾಡುತ್ತೆ.

ಎಳೆಯುವವರು ನಿಮ್ಮನ್ನೂ ಕರೆಯಬಹುದು. ಹೋಗಿ ಹಗ್ಗ ಹಿಡಿಯಿರಿ, ಆಮೇಲೆ ಹಣ ಕೊಡೋದನ್ನು ಮರೀಬೇಡಿ. ನಾನು ನೋಡಿದಾಗ ಬಲೆಯಲ್ಲಿ ಒಂದು ಹಿಡಿ ಮೀನೂ ಇರಲಿಲ್ಲ. "ಮೀನಿಗಿಂತ ನೀವೇ ಜಾಸ್ತಿ ಬರ್ತೀರಿ" ಅಂತ ಒಬ್ಬರು ಮುರುಕು ಹಿಂದಿಯಲ್ಲಿ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಮರದ ರಿಪೇರಿಗೆ ಖರ್ಚು ಜಾಸ್ತಿ, ಮೀನು ಕಮ್ಮಿ, ಬಲೆಗಳ ಸಂಖ್ಯೆಯೂ ಇಳಿದಿದೆ.

ಸೇಂಟ್ ಫ್ರಾನ್ಸಿಸ್ ಚರ್ಚ್: ಅರ್ಧ ಗಂಟೆ

ದಡದಿಂದ ಹತ್ತೇ ನಿಮಿಷ. 1503ರಲ್ಲಿ ಪೋರ್ಚುಗೀಸರು ಮರದಲ್ಲಿ ಕಟ್ಟಿದ ಚರ್ಚ್ ಆಮೇಲೆ ಕಲ್ಲಿನದ್ದಾಯಿತು. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಹೂಳಿದ್ದರು. ಮುಂದೆ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು, ಈಗ ಇರೋದು ಗುರುತಿನ ಕಲ್ಲು ಮಾತ್ರ. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಊರನ್ನು ಹಿಡಿದರು. ಚರ್ಚೂ ಕೈ ಬದಲಾಯಿಸುತ್ತಾ ಬಂತು. ಮೇಲೆ ನೋಡಿದರೆ ಹೊರಗಿನಿಂದ ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಕಗಳು ಇವೆ.

ಮೂರು ದೇಶದವರು ಈ ಒಂದೇ ಊರಿಗೆ ಯಾಕೆ ಹೊಡೆದಾಡಿದರು? ಮತ್ತೆ ಅದೇ ಪ್ರಶ್ನೆ: ಆಳ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾ ಪ್ರವಾಹದಲ್ಲಿ ಕೊಡುಂಗಲ್ಲೂರಿನ ಹಳೇ ಬಂದರು ಹೂಳು ತುಂಬಿ ಕೆಟ್ಟು, ಕೊಚ್ಚಿಯ ಬಾಯಿ ತೆರೆಯಿತು ಅಂತ ಹೇಳುತ್ತಾರೆ. ಎದುರಿಗೆ ಕಾಣುವ ವೈಪಿನ್ ದ್ವೀಪದ ತುದಿಯ ಊರಿನ ಹೆಸರು ಪುದುವೈಪ್ಪು. 'ಪುದು' ಅಂದರೆ ಹೊಸ, 'ವೈಪ್ಪು' ಅಂದರೆ ಇಟ್ಟದ್ದು. ನದಿ ತಂದಿಟ್ಟ ಹೊಸ ನೆಲ!

ಬಜಾರ್ ರಸ್ತೆ: ಒಂದೂವರೆ ಗಂಟೆ

ಟೂರ್ ಬಸ್ಸುಗಳು ಬಿಟ್ಟುಬಿಡುವ ಭಾಗ ಇದೇ, ನನಗೆ ಅತಿ ಇಷ್ಟವಾದದ್ದೂ ಇದೇ. ಕಲ್ವತ್ತಿ ಕಡೆಯಿಂದ ಮಟ್ಟಾಂಚೇರಿಯವರೆಗೆ ಸುಮಾರು ಮೂರು ಕಿಲೋಮೀಟರ್. ಎಡಗಡೆಯ ಹೆಂಚಿನ ಮಾಡಿನ ಗೋದಾಮುಗಳ ಮುಖ ರಸ್ತೆಗೆ, ಬೆನ್ನು ನೀರಿಗೆ. ದೋಣಿ ಹಿಂದೆ ಬರುತ್ತೆ, ಗಾಡಿ ಮುಂದೆ ನಿಲ್ಲುತ್ತೆ, ಮೂಟೆ ನಡುವೆ ಹಾದುಹೋಗುತ್ತೆ. ಇದಕ್ಕಿಂತ ಸರಳ ಲಾಜಿಸ್ಟಿಕ್ಸ್ ಡಯಾಗ್ರಂ ನಾನು ಪುಸ್ತಕದಲ್ಲಿ ನೋಡಿಲ್ಲ. ಈಗ ದೋಣಿ ಕಮ್ಮಿ, ಲಾರಿ ಜಾಸ್ತಿ. ಆದರೆ ಒಣ ಶುಂಠಿ, ಕಾಳುಮೆಣಸಿನ ವಾಸನೆ ಇನ್ನೂ ಇದೆ. ಇದೇ ಮೆಣಸಿಗಾಗಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಅಂತ ಕರೆದದ್ದು ನೆನಪಿಗೆ ಬಂತು.

ಮಟ್ಟಾಂಚೇರಿಯಲ್ಲಿ ಕಿವಿ ತೆರೆದಿಡಿ, ಕೊಂಕಣಿ ಕೇಳಿಸಬಹುದು. ಗೋವೆಯಿಂದ ಬಂದು ನೆಲೆಸಿದವರ ಮನೆಗಳು ಇಲ್ಲಿವೆ. ಡಚ್ ಗವರ್ನರ್ ವಾನ್ ರೀಡ್ ಮಾಡಿಸಿದ, ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ ಗಿಡಮೂಲಿಕೆಗಳ ಗ್ರಂಥ 'ಹೋರ್ಟಸ್ ಮಲಬಾರಿಕಸ್'ಗೆ ಇಟ್ಟಿ ಅಚ್ಯುತನ್ ವೈದ್ಯರ ಜೊತೆ ನೆರವಾದವರು ಮೂವರು ಕೊಂಕಣಿ ಪಂಡಿತರು: ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಮಂಗಳೂರಿನ ನಮ್ಮ ಕ್ಲಬ್ ಗೆಳೆಯರು ಇದನ್ನು ಓದಿ ಕಾಲರ್ ಏರಿಸಬಹುದು!

ಅರಮನೆ, ಗಡಿಯಾರ: ಒಂದೂವರೆ ಗಂಟೆ

ಅರಮನೆಯನ್ನು ಕಟ್ಟಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು, ರಿಪೇರಿ ಮಾಡಿಸಿದವರು ಡಚ್ಚರು, ಆದ್ದರಿಂದ ಹೆಸರು 'ಡಚ್ ಅರಮನೆ'. ಒಳಗಿನ ರಾಮಾಯಣದ ಭಿತ್ತಿಚಿತ್ರಗಳಿಗೆ ಸಮಯ ಕೊಡಿ. ಪಕ್ಕದಲ್ಲೇ 1568ರ ಪರದೇಶಿ ಸಿನಗಾಗ್. ನೆಲಕ್ಕೆ ಚೀನಾದಿಂದ ತರಿಸಿದ, ಕೈಯಲ್ಲಿ ಬರೆದ ನೀಲಿ ಬಿಳಿ ಹಾಸುಬಿಲ್ಲೆಗಳು. ಹೊರಗೆ 18ನೇ ಶತಮಾನದ ಗಡಿಯಾರ ಗೋಪುರ. ಅದರ ಮುಖಗಳಲ್ಲಿ ಅಂಕಿಗಳು ಬೇರೆ ಬೇರೆ: ಒಂದರಲ್ಲಿ ಹೀಬ್ರೂ, ಒಂದರಲ್ಲಿ ರೋಮನ್, ಒಂದರಲ್ಲಿ ಮಲಯಾಳಂ. ಸಮಯ ಒಂದೇ, ಓದುವವರು ಮಾತ್ರ ಬೇರೆ.

ಆ ಗಡಿಯಾರ ನೋಡಿ ನಿಮ್ಮ ಕೈಗಡಿಯಾರವನ್ನೂ ನೋಡಿ, ಆಟೋ ಹತ್ತಿ.

ವಾಪಸ್ ಬಂದ ಮೇಲೆ

ಹಡಗು ಹೊರಟಾಗ ಎಲ್ಲರೂ ಊಟದ ಹಾಲ್ ಕಡೆ ಹೋಗುತ್ತಾರೆ. ನೀವು ಡೆಕ್ ಮೇಲೆ ಇರಿ. ಹಡಗು ಅಳಿವೆ ದಾಟುವಾಗ ಒಂದು ಕಡೆ ಚೀನೀ ಬಲೆಗಳು, ಇನ್ನೊಂದು ಕಡೆ ವೈಪಿನ್. ಕೆಳಗೆ ಬ್ರಿಸ್ಟೋ ಕಡಿಸಿದ ದಾರಿ. ಆ ದಾರಿ ಒಮ್ಮೆ ಅಗೆದರೆ ಮುಗಿಯುವಂಥದ್ದಲ್ಲ. ನೀರು ಹೂಳು ತರುತ್ತಲೇ ಇರುತ್ತೆ, ಬಂದರಿನವರು ವರ್ಷ ವರ್ಷ ತೆಗೆಯುತ್ತಲೇ ಇರಬೇಕು. ನಿಲ್ಲಿಸಿದರೆ ಕೊಚ್ಚಿಗೂ ಕೊಡುಂಗಲ್ಲೂರಿನ ಗತಿ ಬರಬಹುದು. ನಾವು ಡೆಕ್ ಮೇಲೆ ನಿಂತು ಬಲೆಗಳಿಗೆ ಟಾಟಾ ಮಾಡಲು ಸಾಧ್ಯವಾಗಿರೋದು ಯಾರೋ ದಿನಾ ಕೆಸರು ಎತ್ತುತ್ತಿರೋದರಿಂದ.

ಈ ಸಲ ಮಾವ ಕೇಳಿದಾಗ ನನ್ನ ಉತ್ತರ ಊಟ ಮುಗಿಯುವವರೆಗೂ ಮುಗಿಯಲಿಲ್ಲ.

ನಿಮಗೊಂದು ಹೋಂವರ್ಕ್: ನಿಮ್ಮ ಊರಿನ ಹಳೇ ಪೇಟೆಯನ್ನು ತಗೊಳ್ಳಿ. ಹತ್ತು ಜಾಗದ ಲಿಸ್ಟ್ ಬೇಡ. ಈ ಪೇಟೆ ಇಲ್ಲೇ ಯಾಕೆ ಹುಟ್ಟಿತು ಅನ್ನೋ ಒಂದೇ ಪ್ರಶ್ನೆ ಇಟ್ಟುಕೊಂಡು ನಾಲ್ಕು ಗಂಟೆ ನಡೆಯಿರಿ. ಕೆರೆಯೋ, ಕೋಟೆಯೋ, ಸಂತೆಯೋ, ರೈಲೋ, ಏನು ಉತ್ತರ ಸಿಕ್ಕಿತು ಅಂತ ಬರೆದು ಕ್ಲಬ್ಬಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಓದೋಣ.