ಆಂಬುಲೆನ್ಸ್‌ಗೆ ಗಡಿ ಏಕೆ?

ಕೊರೋನಾ ಕಾಲದಿಂದ ನಾನು ಕಲಿತದ್ದರಲ್ಲಿ ಮುಖ್ಯವಾದ ಮಾತು ಇದು: ಸರ್ಕಾರಿ ಇಲಾಖೆಗಳ ಹೊಂದಾಣಿಕೆ ಊರೊಳಗಿನದಕ್ಕಿಂತ ಗಡಿಯಲ್ಲೇ ಹೆಚ್ಚು ಕೆಡುತ್ತದೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ, ತುಂಗಭದ್ರೆಯ ದಡದ ಸಿ. ಬೆಳಗಲ್ ಸೀಮೆಯಲ್ಲಿ ಆ ಹೊತ್ತಿಗೆ ಗ್ರಾಮ ಸಚಿವಾಲಯಗಳಿದ್ದವು, ಸುಮಾರು 50 ಮನೆಗೊಬ್ಬ ವಾಲಂಟೀರ್ ಇದ್ದರು, ಆಶಾ ಕಾರ್ಯಕರ್ತೆಯರಿದ್ದರು. 2019ರ ಅಕ್ಟೋಬರ್‌ನಲ್ಲಿ ಈ ಸಚಿವಾಲಯಗಳನ್ನು ತೆರೆದದ್ದು ಪಿಂಚಣಿ, ಅರ್ಜಿ, ಸರ್ಟಿಫಿಕೇಟುಗಳಿಗಾಗಿ. ಆದರೂ ಜ್ವರದವರನ್ನು ಮನೆಮನೆಗೆ ಹೋಗಿ ಹುಡುಕಲು ಅದೇ ಏರ್ಪಾಡು ಒದಗಿತು. ದಿನವೂ ಒಟ್ಟಿಗೆ ದುಡಿದು ರೂಢಿಯಾದವರಿಗೆ ಆಪತ್ತಿನಲ್ಲಿ ಒಟ್ಟಾಗುವುದು ಕಷ್ಟವಲ್ಲ. ಅಂಥ ರೂಢಿ ಹೊಳೆಯ ಆಚೆಯ ತೆಲಂಗಾಣದವರೊಂದಿಗೆ ಇರಲಿಲ್ಲ.

2021ರ ಮೇ ತಿಂಗಳಲ್ಲಿ ಕರ್ನೂಲಿನಿಂದ ಹೈದರಾಬಾದಿಗೆ ಹೊರಟ ಆಂಬುಲೆನ್ಸ್‌ಗಳನ್ನು ಪುಲ್ಲೂರು ಟೋಲ್ ಬಳಿ ತೆಲಂಗಾಣ ಪೊಲೀಸರು ತಡೆದರು. ತಮ್ಮ ಸರ್ಕಾರದ ಸುತ್ತೋಲೆಯಂತೆ ಆಸ್ಪತ್ರೆಯ ಒಪ್ಪಿಗೆ, ಕಂಟ್ರೋಲ್ ರೂಮಿನ ಪಾಸು ಎರಡೂ ಬೇಕೆಂದರು. ಉಸಿರಾಡಲು ಒದ್ದಾಡುತ್ತಿರುವವರ ಮನೆಯವರು ದಾರಿಯಲ್ಲಿ ನಿಂತು ಪಾಸು ಹೊಂದಿಸುವುದೆಂತು? ಮೇ 14ರಂದು ತೆಲಂಗಾಣ ಹೈಕೋರ್ಟು ಆ ಸುತ್ತೋಲೆಗೆ ತಡೆ ಕೊಟ್ಟ ಮೇಲೆ ದಾರಿ ತೆರೆಯಿತು. ಅದರ ಹಿಂದಿನ ವರ್ಷ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಉಳಿದಾಗಲೂ ಹೀಗೇ ಆಗಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2020ರ ಏಪ್ರಿಲ್ 7ರ ಹೊತ್ತಿಗೆ, ಎರಡು ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿದವು. ಆ ಅನುಭವ ಪುಲ್ಲೂರಿನವರೆಗೆ ಬರಲಿಲ್ಲವೆಂಬುದೇ ನನ್ನನ್ನು ಹೆಚ್ಚು ನೋಯಿಸುತ್ತದೆ.

ಹಾಸಿಗೆಗಳೇ ಸಾಲದಿರುವಾಗ ಸ್ವಂತ ರಾಜ್ಯದವರನ್ನು ಮೊದಲು ನೋಡಿಕೊಳ್ಳುವುದು ತಪ್ಪೇ ಎಂದು ಕೇಳುವವರಿದ್ದಾರೆ. ಕೊರತೆ ನಿಜ. ಆದರೆ ಯಾವ ಆಸ್ಪತ್ರೆಯಲ್ಲಿ ಜಾಗವಿದೆ ಎಂಬುದನ್ನು ಹೊರಡುವ ಮೊದಲೇ ಕರ್ನೂಲಿಗೆ ತಿಳಿಸಿದ್ದರೆ ಕೊರತೆಯನ್ನು ಸಂಭಾಳಿಸಬಹುದಿತ್ತು. ಟೋಲಿನಲ್ಲಿ ತಡೆದರೆ ಹಾಸಿಗೆ ಹೆಚ್ಚುವುದಿಲ್ಲ, ರೋಗಿಯ ಹೊತ್ತು ಮಾತ್ರ ಕಳೆಯುತ್ತದೆ. ಆರೋಗ್ಯ ರಾಜ್ಯದ ವಿಷಯವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಹೌದು, ಆದರೆ ಸೋಂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಂವಿಧಾನದ ಸಮವರ್ತಿ ಪಟ್ಟಿಯ 29ನೇ ಬಾಬತ್ತು. ಕೇಂದ್ರಕ್ಕೂ ಅದರಲ್ಲಿ ಅಧಿಕಾರವಿದೆ, ಹೊಣೆಯೂ ಇದೆ.

ದೆಹಲಿಯನ್ನೇ ಕಾಯಬೇಕಾಗಿಯೂ ಇಲ್ಲ. ಚುನಾವಣೆ ಬಂತೆಂದರೆ ಗಡಿ ಜಿಲ್ಲೆಗಳ ಕಲೆಕ್ಟರ್‌ಗಳು, ಎಸ್‌ಪಿಗಳು ಒಟ್ಟಿಗೆ ಕೂತು ಹಣ, ಹೆಂಡದ ಸಾಗಾಟ ತಡೆಯಲು ಚೆಕ್‌ಪೋಸ್ಟ್ ಗೊತ್ತುಮಾಡುತ್ತಾರೆ, ಫೋನ್ ನಂಬರು ಹಂಚಿಕೊಳ್ಳುತ್ತಾರೆ. ಕರ್ನೂಲು, ಗದ್ವಾಲ, ರಾಯಚೂರು, ಬಳ್ಳಾರಿಯ ವೈದ್ಯಾಧಿಕಾರಿಗಳನ್ನೂ ಹಾಗೆಯೇ ವರ್ಷಕ್ಕೊಮ್ಮೆ ಕೂರಿಸಿ, ರೋಗಿಯನ್ನು ಯಾರು ಯಾರಿಗೆ ಒಪ್ಪಿಸಬೇಕು, ಯಾವ ಕಾಗದ ಸಾಕು ಎಂದು ಬರೆದಿಡಲು ಹೊಸ ಕಾನೂನು ಬೇಕಿಲ್ಲ.