ಮದುವೆಯ ಕೇಕೂ ದಂಪತಿಗಳ ಪರಸ್ಪರ ಮರ್ಯಾದೆಯೂ

ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಶಿವಾಜಿನಗರ, ಹಲಸೂರು, ಕೃಷ್ಣರಾಜಪುರ ಮೊದಲಾದ ಕಡೆಗಳಲ್ಲಿಯೂ ನಡೆಯುವ ಕ್ರೈಸ್ತ ಮದುವೆಗಳಲ್ಲಿ ಕೇಕು ಕೊಯ್ಯುವ ಪದ್ಧತಿಯುಂಟು. ಈಗ ಅದು ಹಳ್ಳಿಗಳಿಗೂ ಬಂದಿದೆ. ಅದರ ಮೂಲವೇನು, ಅದನ್ನು ಹೇಗೆ ಆಚರಿಸತಕ್ಕದ್ದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಪದ್ಧತಿಯ ಮೂಲ. ಪೂರ್ವಕಾಲದ ರೋಮಿನವರ ಒಂದು ವಿಧವಾದ ವಿವಾಹದಲ್ಲಿ ವಧೂವರರು ಗೋಧಿಯ ಜಾತಿಯ ಧಾನ್ಯದಿಂದ ಮಾಡಿದ ರೊಟ್ಟಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಸುಮಾರು 300 ಪೌಂಡು ತೂಕದ, ಬಿಳೀ ಸಕ್ಕರೆ ಹೊದಿಸಿದ ಕೇಕನ್ನು ಮಾಡಿದರು. ಬೆಂಗಳೂರಿನಲ್ಲಿಯಾದರೋ 1809ರಲ್ಲಿ ಆಂಗ್ಲರ ದಂಡು ನೆಲೆಗೊಂಡಿತ್ತು; ಅವರ ಮನೆಗಳಿಂದ ಈ ಪದ್ಧತಿಯು ಇಲ್ಲಿಯ ಸಭೆಗಳವರಿಗೆ ಬಂತು. ಆದರೂ ಇದರ ಅರ್ಥವು ನಮಗೆ ಹೊಸದಲ್ಲ. ಮದಲಿಂಗನೂ ಮದಲಗಿತ್ತಿಯೂ ಒಂದೇ ಎಲೆಯಲ್ಲಿ ಉಣ್ಣುವ ಬೂವದ ಊಟವನ್ನು ನಮ್ಮ ನಾಡಿನ ಹಿರಿಯರು ಬಲ್ಲರು. ಇನ್ನು ಮುಂದೆ ಇಬ್ಬರ ಅನ್ನವೂ ಒಂದೇ ಎಂಬದೇ ಎರಡರ ತಾತ್ಪರ್ಯ.

2. ಮರ್ಯಾದೆ. ಇಬ್ಬರೂ ಒಂದೇ ಚೂರಿಯನ್ನು ಹಿಡಿದು ಕೇಕನ್ನು ಕೊಯ್ಯುತ್ತಾರೆ. ಮೊದಲ ತುಂಡನ್ನು ಒಬ್ಬರ ಬಾಯಿಗೆ ಒಬ್ಬರು ಕೊಡುತ್ತಾರೆ. ಇದು ಒಳ್ಳೇದು. ಆದರೆ ಇತ್ತೀಚೆಗೆ ಕೆಲವರು ಕೇಕನ್ನು ಮುಖಕ್ಕೆ ಬಳಿಯುವದೂ, ಗೆಳೆಯರು ತಲೆಯನ್ನು ಹಿಡಿದು ಕೇಕಿನೊಳಗೆ ಒತ್ತುವದೂ, ನೊರೆಯನ್ನು ಎರಚುವದೂ ಉಂಟು. ತಮಾಷೆಯೆಂದು ಹೇಳುತ್ತಾರೆ. ಅಂತಸ್ತಿನ ಕೇಕು ಕುಸಿಯದಂತೆ ಒಳಗೆ ಕಡ್ಡಿಗಳನ್ನು ನಿಲ್ಲಿಸಿರುವದುಂಟು. ಅವು ಕಣ್ಣಿಗೆ ಚುಚ್ಚಿದರೆ ತಮಾಷೆಯು ಎಲ್ಲಿ ಉಳಿಯುವದು?

ಗಾಯವಾಗದಿದ್ದರೂ ಕೇಡು ಇಲ್ಲವೆನ್ನಬಾರದು. ತಾಯ್ತಂದೆಗಳ ಮುಂದೆ, ಅತ್ತೆಮಾವಂದಿರ ಮುಂದೆ ಮುಖ ಕೆಟ್ಟುಹೋದ ಹುಡುಗಿಯು ಗದರಿಸಲಾರಳು, ಅಳಲಾರಳು, ನೆಂಟರಿಗೋಸ್ಕರ ನಗುತ್ತಾಳೆ. ಆ ನಗೆಯನ್ನು ಸಮ್ಮತಿಯೆಂದು ತಿಳಿಯಬೇಡಿರಿ. ಗೌರವಿಸುವೆನೆಂದು ದೇವರ ಮುಂದೆ ಮಾತುಕೊಟ್ಟ ಕೈಯೇ ಅದೇ ದಿನ ಆಕೆಯನ್ನು ನಗೆಗೀಡುಮಾಡಬಹುದೋ? ಗಂಡನು ಮನಸ್ಸಿಲ್ಲದಿರುವಾಗ ಹೆಂಡತಿಯು ಹಾಗೆ ಮಾಡಿದರೂ ತಪ್ಪು ಅದೇ. ಆದದರಿಂದ ಇಬ್ಬರೂ ಮದುವೆಗೆ ಮುಂಚಿತವಾಗಿ ಮಾತಾಡಿಕೊಂಡು, ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಬಿಡಬೇಕು. ಗೆಳೆಯರಿಗೂ ಅದನ್ನು ತಿಳಿಸಿ ತಡೆಯಬೇಕು. ಕೇಳಿ ನಡೆಯುವ ಈ ಅಭ್ಯಾಸವು ಮುಂದೆ ಹಣದ ವಿಷಯದಲ್ಲಿಯೂ ಮಕ್ಕಳ ವಿಷಯದಲ್ಲಿಯೂ ಸಂಸಾರವನ್ನು ಕಾಯುವದು.

3. ಖರ್ಚು. ಎತ್ತರವಾದ ಕೇಕುಗಳಲ್ಲಿ ಅನೇಕವು ಮೇಲೆ ಸಕ್ಕರೆ, ಒಳಗೆ ಬರೀ ಥರ್ಮಾಕೋಲು. ತಿನ್ನತಕ್ಕದ್ದು ಒಂದು ಅಂತಸ್ತು ಮಾತ್ರವೇ. ಇಂಥ ಶೋಭೆಗಾಗಿ ಸಾಲಮಾಡಬೇಡಿರಿ. ಹೆಣ್ಣಿನ ಮನೆಯವರನ್ನು ಪೀಡಿಸಲೂ ಬೇಡಿರಿ. 1872ರ ಭಾರತೀಯ ಕ್ರೈಸ್ತ ವಿವಾಹದ ಕಾಯಿದೆಯಲ್ಲಿ ಕೇಕಿನ ಮಾತೇ ಇಲ್ಲ. ಸಾಕ್ಷಿಗಳ ಮುಂದೆ ಕೊಟ್ಟ ಮಾತಿನಿಂದಲೇ ಮದುವೆಯು ನಿಲ್ಲುತ್ತದೆ. ಚಿಕ್ಕ ಕೇಕು ಸಾಕು. ಅದೂ ಇಲ್ಲದಿದ್ದರೆ ಒಂದು ಬಾಳೆಯ ಹಣ್ಣನ್ನು ಇಬ್ಬರೂ ಮರ್ಯಾದೆಯಿಂದ ಹಂಚಿಕೊಂಡರೂ ಆ ಮದುವೆಗೆ ಏನೂ ಕೊರತೆಯಿಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಬೂವದ ಊಟಕ್ಕೂ ಕೇಕಿಗೂ ಇರುವ ಹೋಲಿಕೆ ಏನು?
2. ನಗುವವರೆಲ್ಲರೂ ಒಪ್ಪಿದವರೋ?
3. ನಮ್ಮ ಮನೆಯ ಮುಂದಿನ ಮದುವೆಯಲ್ಲಿ ನಾವು ಏನನ್ನು ಬಿಡತಕ್ಕದ್ದು?